ಕರಿ ಬಿದ್ರಿ ಬೂದಿಯಾಗುವುದೇಕೆ? – ಓದುಗರ ಕ್ಯಾಮೆರಾ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಬಿದ್ರಿ ಸಾಮಾನಿನ ಅಂಗಡಿ. ಆನ್‌ಲೈನ್‌ನಾಗ ಮಾರಾಕ ಹೂಜಿ, ಡಬ್ಬಿ ಫೋಟೊ ತೆಗಿತೀವಿ. ಕರಿ ಬಣ್ಣ ಬೂದಿ ಕಾಣತದ, ಬೆಳ್ಳಿ ಗೆರೆ ಬರೀ ಬಿಳಿ ಆಗಿ ಕುಸುರಿನೇ ಕಾಣಂಗಿಲ್ಲ. ಹೊಸ ಡಿಎಸ್‌ಎಲ್‌ಆರ್, 18-55 ಲೆನ್ಸ್ ಅದ. ಏನ್ ತಪ್ಪಾಗ್ಯದ?
– ಓದುಗರು, ಬೀದರ್

ಉತ್ತರ: ಎದುರಿಗಿರುವುದು ಬಿದ್ರಿಯೋ ಬೆಣ್ಣೆಯೋ ಕ್ಯಾಮೆರಾದ ಮೀಟರ್‌ಗೆ ತಿಳಿಯುವುದಿಲ್ಲ. ಚೌಕಟ್ಟಿನೊಳಗಿನ ಬೆಳಕನ್ನು ಅಳೆದು, ಒಟ್ಟು ಚಿತ್ರ ನಡು ಬೂದಿಯಷ್ಟು ಬೆಳಗುವಂತೆ ಸೆಟ್ಟಿಂಗ್ ಕೂರಿಸುವುದಷ್ಟೇ ಅದರ ಕೆಲಸ. ಸತು-ತಾಮ್ರದ ಹೂಜಿಯನ್ನು ಕೋಟೆ ಮಣ್ಣು, ನವಸಾಗರ ಬಳಸಿ ನೀವು ಅಷ್ಟು ಕಷ್ಟಪಟ್ಟು ಕಪ್ಪು ಮಾಡಿರುತ್ತೀರಿ. ಆ ಕಪ್ಪು ಚೌಕಟ್ಟನ್ನು ತುಂಬಿದೊಡನೆ ಮೀಟರ್ ಕತ್ತಲಾಯಿತೆಂದು ಬೆಳಕು ಏರಿಸುತ್ತದೆ. ಕಪ್ಪು ಬೂದಿಗೆ ಬರುತ್ತದೆ. ಜೊತೆಗೆ ಬೆಳ್ಳಿಯೂ ಏರಿ, ಚಿತ್ರ ಹಿಡಿಯುವ ಸೆನ್ಸರಿನ ಮಿತಿ ದಾಟುತ್ತದೆ. ಹಾಗೆ ದಾಟಿ ಹೋದ ಬಿಳಿಯಲ್ಲಿ ಕುಸುರಿಯ ವಿವರ ದಾಖಲಾಗಿಯೇ ಇರುವುದಿಲ್ಲ, ಕಂಪ್ಯೂಟರಿನಲ್ಲಿ ಎಷ್ಟು ಇಳಿಸಿದರೂ ಅದು ಮರಳದು. ಕಪ್ಪಿನಲ್ಲಿ ಅಡಗಿದ್ದನ್ನು ತಕ್ಕಮಟ್ಟಿಗೆ ಎತ್ತಬಹುದು. ಆದ್ದರಿಂದ ಬಿದ್ರಿಯಲ್ಲಿ ಮೊದಲು ಉಳಿಸಿಕೊಳ್ಳಬೇಕಾದದ್ದು ಬೆಳ್ಳಿ.

ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ. ಡಯಲ್ ಎ ಅಥವಾ ಎವಿಗೆ ತಿರುಗಿಸಿ, ಅಪರ್ಚರ್ (ಲೆನ್ಸ್‌ನೊಳಗೆ ಬೆಳಕು ಬರುವ ಕಿಂಡಿ) ಎಫ್8, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100 ಇಡಿ. ನೇರ ಬಿಸಿಲು ಬೀಳದ ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿ, ಹೂಜಿಯ ಇನ್ನೊಂದು ಮಗ್ಗುಲಿಗೆ ಬಿಳಿ ಥರ್ಮೋಕೋಲ್ ಹಾಳೆ ನಿಲ್ಲಿಸಿ. ಬೆಳ್ಳಿ ತನ್ನ ಎದುರಿಗಿರುವುದನ್ನೇ ತೋರಿಸುತ್ತದೆ; ಎದುರಿಗೆ ಬಿಳಿ ಹಾಳೆ ಇದ್ದರೆ ಗೆರೆಗಳು ಸಮನಾಗಿ ಬೆಳಗುತ್ತವೆ, ನಿಮ್ಮ ಚೌಕಳಿ ಅಂಗಿ ಇದ್ದರೆ ಅದೇ ಕಾಣುತ್ತದೆ. ಅಂಗಡಿಯ ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಹಸಿರು-ಹಳದಿ ಬರುತ್ತದೆ. ಈಗ ಚಿತ್ರದ ಬೆಳಕು ಏರಿಸಿ ಇಳಿಸುವ ಪ್ಲಸ್-ಮೈನಸ್ ಬಟನ್ ಒತ್ತಿ ಮೈನಸ್ 1ಕ್ಕೆ ತಂದು ಒಂದು ಫೋಟೊ ತೆಗೆಯಿರಿ. ಪ್ಲೇಬ್ಯಾಕ್‌ನಲ್ಲಿ ಹೈಲೈಟ್ ಅಲರ್ಟ್ ಹಾಕಿಕೊಂಡಿದ್ದರೆ ಸುಟ್ಟ ಜಾಗ ಮಿನುಗುತ್ತದೆ. ಬೆಳ್ಳಿ ಮಿನುಗಿದರೆ ಮೈನಸ್ 1.3, ಆಮೇಲೆ 1.7. ಬೆಳ್ಳಿ ಕೆಲಸ ಕಡಿಮೆಯಿದ್ದು ಕಪ್ಪೇ ತುಂಬಿದ ದೊಡ್ಡ ತಟ್ಟೆಗೆ ಮೈನಸ್ 2 ಕೂಡ ಬೇಕಾಗಬಹುದು. ಶಟರ್ (ಬೆಳಕು ಒಳಬಿಡುವ ಹೊತ್ತು) 1/4 ಅಥವಾ 1/2 ಸೆಕೆಂಡಿಗೆ ಇಳಿದರೆ ಗಾಬರಿ ಬೇಡ, ಹೂಜಿ ಎಲ್ಲಿಗೂ ಓಡುವುದಿಲ್ಲ. 2 ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆಯಿರಿ.

ಬಿಳಿ ಹಾಳೆಯ ನಡುವೆ ಸಣ್ಣ ಡಬ್ಬಿ ಇಟ್ಟರೆ ಮಾತ್ರ ಲೆಕ್ಕ ತಿರುಗುಮುರುಗು. ಚೌಕಟ್ಟಿನ ತುಂಬ ಬಿಳಿ ಇರುವುದರಿಂದ ಮೀಟರ್ ಬೆಳಕು ಇಳಿಸುತ್ತದೆ, ಆಗ ಪ್ಲಸ್ 0.7ರಿಂದ 1ರವರೆಗೆ ಬೇಕು. ಸರಿಯಾದ ಸೆಟ್ಟಿಂಗ್ ಸಿಕ್ಕ ಮೇಲೆ ಅದನ್ನೇ ಎಂ ಮೋಡ್‌ನಲ್ಲಿ (ಸೆಟ್ಟಿಂಗನ್ನು ನೀವೇ ಇಡುವ ಮೋಡ್) ಕೂರಿಸಿ ಆ ಬೆಳಕಿನಲ್ಲಿ ಎಲ್ಲ ಸಾಮಾನೂ ತೆಗೆಯಿರಿ, ಕಪ್ಪು ಎಲ್ಲದರಲ್ಲೂ ಒಂದೇ ಬರುತ್ತದೆ. ಹೊಳಪು ತಗ್ಗಿಸಲು ಪೋಲರೈಸರ್ ಫಿಲ್ಟರ್ ಕೊಳ್ಳಿ ಎಂದು ಯಾರಾದರೂ ಹೇಳಿದರೆ ದುಡ್ಡು ಉಳಿಸಿಕೊಳ್ಳಿ. ನೀರು, ಗಾಜಿನ ಹೊಳಪಿಗೆ ಅದು ಸರಿ. ಬರಿಯ ಲೋಹದ ಹೊಳಪಿನ ಮೇಲೆ ಹೆಚ್ಚೇನೂ ನಡೆಯದು.

ಪ್ರಶ್ನೆ: ಶರಣಬಸವೇಶ್ವರ ಜಾತ್ರೆಯಲ್ಲಿ ಸಂಜೆ ತೇರಿನ ಫೋಟೊ ತೆಗೆದೆ. ಎಫ್5.6, 1/60, ಐಎಸ್‌ಒ 800. ಬೆಳಕು ಸರಿಯಾಗಿದೆ, ತೇರೂ ಸ್ಪಷ್ಟವಾಗಿದೆ. ಆದರೆ ಜನರ ಕೈ, ಎಸೆದ ಬಾಳೆಹಣ್ಣು ಎಲ್ಲ ಎಳೆದಂತೆ ಬಂದಿವೆ. ಐಎಸ್‌ಒ ಏರಿಸಬೇಕೋ, ಬೇರೆ ಲೆನ್ಸ್ ಬೇಕೋ?
– ಕಾಲೇಜು ವಿದ್ಯಾರ್ಥಿ, ಕಲಬುರಗಿ

ಉತ್ತರ: ಎರಡರಲ್ಲಿ ಯಾವುದೂ ಆದೀತು. ಮೊದಲು ಶಟರ್ ಎಷ್ಟು ಬೇಕೆಂದು ತೀರ್ಮಾನಿಸಿ, ಉಳಿದದ್ದು ಅದರ ಹಿಂದೆ ಬರುತ್ತದೆ. ತೇರು ನಿಧಾನ, 1/60 ಸಾಕಾಯಿತು. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರುವ ಬಾಳೆಹಣ್ಣು 1/60 ಸೆಕೆಂಡಿನಲ್ಲಿ ಸುಮಾರು 17 ಸೆಂ.ಮೀ. ಸರಿದಿರುತ್ತದೆ, ಹೆಚ್ಚುಕಡಿಮೆ ತನ್ನಷ್ಟೇ ಉದ್ದ. 1/500ರಲ್ಲಿ ಅದು 2 ಸೆಂ.ಮೀ. ಮಾತ್ರ. ಮೇಲೆತ್ತಿದ ಕೈಗಳಿಗಷ್ಟೇ ಆದರೆ 1/250 ನಡೆಯುತ್ತದೆ.

1/60ರಿಂದ 1/125, 250, 500: ಮೂರು ಸ್ಟಾಪ್. ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕಿಳಿಯುತ್ತದೆ, ಅಂದರೆ ಒಟ್ಟು ಎಂಟನೇ ಒಂದು ಪಾಲು. ಇದನ್ನು ಐಎಸ್‌ಒನಿಂದಲೇ ತುಂಬಿದರೆ 800, 1600, 3200, 6400. ಹೊಸ ಕ್ಯಾಮೆರಾಗಳಲ್ಲಿ 6400ರ ಕಾಳು (ಚಿತ್ರದ ಮೇಲಿನ ಸಣ್ಣ ಚುಕ್ಕೆಗಳು) ಕಾಣುತ್ತದೆ, ಆದರೂ ಚಿತ್ರ ಬಳಕೆಗೆ ಬರುತ್ತದೆ. ಐಎಸ್‌ಒಗೆ ಹೆದರಿ ಕತ್ತಲಾಗಿ ತೆಗೆದು, ಮನೆಗೆ ಬಂದು ಬೆಳಕು ಎತ್ತುವವರು ಬಹಳ ಮಂದಿ. ಸಾಮಾನ್ಯವಾಗಿ ಅದರಲ್ಲಿ ಕಾಳು ಇನ್ನೂ ಹೆಚ್ಚು.

ಲೆನ್ಸ್‌ನಿಂದ ತುಂಬುವುದಾದರೆ 5.6, 4, 2.8, 2: ಇದೂ ಮೂರು ಸ್ಟಾಪ್. ಸಂಖ್ಯೆ ಸಣ್ಣದಾದರೆ ಕಿಂಡಿ ದೊಡ್ಡದಾಗುವುದೇಕೆಂದರೆ ಅದು ಭಾಗಾಕಾರ. 50 ಮಿ.ಮೀ. ಲೆನ್ಸ್‌ನಲ್ಲಿ ಎಫ್2 ಅಂದರೆ ಕಿಂಡಿಯ ಅಗಲ 25 ಮಿ.ಮೀ., ಎಫ್4 ಅಂದರೆ 12.5. ಅಗಲ ಅರ್ಧವಾದರೆ ಕಿಂಡಿಯ ವಿಸ್ತೀರ್ಣ ಕಾಲು ಭಾಗ, ಅದಕ್ಕೇ ಎಫ್2ರಿಂದ ಎಫ್4ಕ್ಕೆ ಎರಡು ಸ್ಟಾಪ್. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಪೂರ್ತಿ ಝೂಮ್‌ನಲ್ಲಿ 5.6ಕ್ಕಿಂತ ತೆರೆಯುವುದಿಲ್ಲ, ಹಾಗಾಗಿ 50 ಮಿ.ಮೀ. ಎಫ್1.8 ಲೆನ್ಸ್ ಬೇಕು. ಎಫ್2ರಲ್ಲಿ ಹಿಂದುಮುಂದು ಮಸುಕಾಗುವ ಚಿಂತೆ ಇಲ್ಲಿ ಕಡಿಮೆ: ಎಪಿಎಸ್-ಸಿ ಸೆನ್ಸರಿನಲ್ಲಿ (ಆರಂಭಿಕ ದರ್ಜೆಯ ಹೆಚ್ಚಿನ ಡಿಎಸ್‌ಎಲ್‌ಆರ್‌ಗಳಲ್ಲಿರುವ ಅಳತೆ) 20 ಮೀಟರ್ ದೂರದ ತೇರಿಗೆ ಫೋಕಸ್ ಮಾಡಿದರೆ ಸುಮಾರು 15ರಿಂದ 29 ಮೀಟರ್‌ವರೆಗೆ ಸ್ಪಷ್ಟವೇ. ಪಕ್ಕದಲ್ಲೇ ನಿಂತವರ ಮುಖ ಬೇಕಿದ್ದರೆ ಆ ಮಾತು ಬೇರೆ.

ಸಂಜೆಯ ಬೆಳಕು ನಿಮಿಷ ನಿಮಿಷಕ್ಕೂ ಇಳಿಯುವುದರಿಂದ ಎಂ ಮೋಡ್‌ನಲ್ಲಿ 1/500, ಎಫ್2 ಇಟ್ಟು, ಐಎಸ್‌ಒ ಆಟೊ ಮಾಡಿ ಗರಿಷ್ಠ ಮಿತಿ 6400 ಕೊಡಿ. ಆ ಗದ್ದಲದಲ್ಲಿ ಡಯಲ್ ತಿರುವುತ್ತ ನಿಂತರೆ ತೇರು ಮುಂದೆ ಹೋಗಿರುತ್ತದೆ.

ಪ್ರಶ್ನೆ: ತೊಗರಿ ಹೊಲದಾಗ ಮಟಮಟ ಮಧ್ಯಾಹ್ನ 50 ಮಿ.ಮೀ. ಲೆನ್ಸ್ ಎಫ್1.8ಕ್ಕೆ ತೆರೆದು ಫೋಟೊ ತೆಗೆದ್ರ ಎಲ್ಲಾ ಬೆಳ್ಳಗ. ಶಟರ್ ಸಂಖ್ಯೆ ಮಿಣುಕ್ ಮಿಣುಕ್ ಅಂತದ.
– ಓದುಗರು, ಚಿತ್ತಾಪುರ

ಉತ್ತರ: ಆ ಮಿನುಗು ಕ್ಯಾಮೆರಾದ ಎಚ್ಚರಿಕೆ. ಮೋಡವಿಲ್ಲದ ಬಿಸಿಲಿಗೆ ಹಳೆಯ ಲೆಕ್ಕವೊಂದಿದೆ: ಎಫ್16, ಐಎಸ್‌ಒ 100 ಇದ್ದರೆ ಶಟರ್ 1/100. ಇದನ್ನು ಎಫ್1.8ಕ್ಕೆ ತಂದರೆ ಸುಮಾರು 1/8000 ಬೇಕು. ಆರಂಭಿಕ ದರ್ಜೆಯ ಹೆಚ್ಚಿನ ಕ್ಯಾಮೆರಾಗಳ ಶಟರ್ 1/4000ಕ್ಕೇ ನಿಲ್ಲುತ್ತದೆ, ಉಳಿದ ಬೆಳಕು ಚಿತ್ರವನ್ನು ತೊಳೆದುಹಾಕುತ್ತದೆ. ಎಫ್2.8 ಇಟ್ಟರೆ 1/3200 ಸಾಕು. ಎಫ್1.8ರ ಮಸುಕು ಹಿನ್ನೆಲೆಯೇ ಬೇಕಿದ್ದರೆ ಮೂರು ಸ್ಟಾಪ್ ಬೆಳಕು ತಡೆಯುವ ಎನ್‌ಡಿ8 ಫಿಲ್ಟರ್ ಹಾಕಿ. ಹಿಂದಿನ ರಾತ್ರಿಯ ಐಎಸ್‌ಒ 1600 ಹಾಗೇ ಉಳಿದಿದೆಯೇ ಎಂದೂ ನೋಡಿ, ಹೆಚ್ಚು ಸಲ ತಪ್ಪಿರುವುದು ಅಲ್ಲೇ. ಜನರ ಮುಖ ತೆಗೆಯುವುದಾದರೆ ಈ ಲೆಕ್ಕವೆಲ್ಲ ಬಿಟ್ಟು ಬೇವಿನ ನೆರಳಿಗೆ ಕರೆದುಕೊಂಡು ಹೋಗಿ. ನೆತ್ತಿಯ ಸೂರ್ಯನಿಂದ ಕಣ್ಣಿನ ಕೆಳಗೆ ಬೀಳುವ ಕರಿ ನೆರಳು ಯಾವ ಸೆಟ್ಟಿಂಗಿಗೂ ಬಗ್ಗದು.

ಪ್ರಶ್ನೆ: ಮದುವೆ ಫಂಕ್ಷನ್ ಹಾಲ್‌ನಲ್ಲಿ ಮಿರರ್‌ಲೆಸ್ ಕ್ಯಾಮೆರಾದಿಂದ ಸದ್ದಿಲ್ಲದ ಶಟರ್ ಬಳಸಿ ತೆಗೆದೆ. ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ. ಕ್ಯಾಮೆರಾ ಕೆಟ್ಟಿದೆಯೇ?
– ಓದುಗರು, ಯಾದಗಿರಿ

ಉತ್ತರ: ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಅದರಲ್ಲಿ ಉರಿಯುವ ಅನೇಕ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸದ್ದಿಲ್ಲದ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುತ್ತದೆ, ಬೆಳಕು ಇಳಿದ ಹೊತ್ತಿಗೆ ಓದಿದ ಸಾಲುಗಳು ಕಪ್ಪು ಪಟ್ಟೆಯಾಗುತ್ತವೆ. ಮೆಕಾನಿಕಲ್ ಶಟರ್‌ಗೆ ಬದಲಿಸಿ, 1/100 ಅಥವಾ 1/50 ಇಡಿ. ಒಂದು ಮಿನುಗು ಪೂರ್ತಿಯಾಗಿ ಒಳಗೆ ಬರುತ್ತದೆ. ಮೆನುವಿನಲ್ಲಿ ಆಂಟಿ-ಫ್ಲಿಕರ್ ಇದ್ದರೆ ಆನ್ ಮಾಡಿ. ವೇದಿಕೆಯ ಎಲ್‌ಇಡಿ ಪರದೆಗಳ ಮಿನುಗು ಬೇರೆ ಲೆಕ್ಕದ್ದು, ಅಲ್ಲಿ ಒಂದೆರಡು ಶಟರ್ ವೇಗ ಬದಲಿಸಿಯೇ ನೋಡಬೇಕು. ಫ್ಲಾಶ್ ಹಾಕಿದಾಗ ಒಂದೇ ಅಂಚಿನಲ್ಲಿ ದಪ್ಪ ಕಪ್ಪು ಬಂದರೆ ಮಾತ್ರ ಶಟರ್ ಸಿಂಕ್ ವೇಗ (ಫ್ಲಾಶ್‌ಗೆ ಹೊಂದುವ ಗರಿಷ್ಠ ಶಟರ್ ವೇಗ) ದಾಟಿದೆ ಎಂದರ್ಥ. 1/200ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಸಿ.

ಪ್ರಶ್ನೆ: ಶಹಾಪುರದ ಮಲಗಿದ ಬುದ್ಧನ ಬೆಟ್ಟ ತೆಗೆಯುವಾಗ ಆಕಾಶ ಸರಿಯಾದರೆ ಬೆಟ್ಟ ಕಪ್ಪು, ಬೆಟ್ಟ ಸರಿಯಾದರೆ ಆಕಾಶ ಬಿಳಿ. ಏನು ಮಾಡಲಿ?
– ಶಿಕ್ಷಕರು, ಸುರಪುರ

ಉತ್ತರ: ಸರ್, ಬೆಟ್ಟ ಕಪ್ಪಾಗಲಿ ಬಿಡಿ. ಹಣೆ, ಮೂಗು, ಎದೆ ಕಾಣುವುದು ಬೆಟ್ಟದ ಅಂಚಿನ ಗೆರೆಯಿಂದ, ಬಂಡೆಯ ವಿವರದಿಂದಲ್ಲ. ಬೆಟ್ಟದ ಹಿಂದಿನಿಂದ ಬೆಳಕು ಬರುವ ಹೊತ್ತು ನೋಡಿ, ಸೂರ್ಯನನ್ನು ಬಿಟ್ಟು ಪಕ್ಕದ ಆಕಾಶಕ್ಕೆ ಮೀಟರ್ ಹಿಡಿದು ಎಕ್ಸ್‌ಪೋಷರ್ (ಬೆಳಕಿನ ಸೆಟ್ಟಿಂಗ್) ಲಾಕ್ ಮಾಡಿ, ಎಫ್8ರಲ್ಲಿ ತೆಗೆಯಿರಿ. ಬಂಡೆಗಳೂ ಬೇಕೆಂದರೆ ಬೆಳಕು ನಿಮ್ಮ ಬೆನ್ನ ಹಿಂದಿರುವ ಹೊತ್ತಿಗೆ ಹೋಗಬೇಕು. ಆಗ ಆಕಾಶ, ಬೆಟ್ಟ ಎರಡರ ಬೆಳಕಿನ ಅಂತರ ಕಡಿಮೆಯಾಗಿ ಒಂದೇ ಚಿತ್ರದಲ್ಲಿ ಹಿಡಿಯುತ್ತವೆ. ರಾ ಫೈಲ್‌ನಲ್ಲಿ (ಸೆನ್ಸರಿನ ದಾಖಲೆ ಹಾಗೇ ಉಳಿಯುವ ಫೈಲ್) ತೆಗೆದರೆ ಕಪ್ಪನ್ನು ಎತ್ತಲು ಜೆಪೆಗ್‌ಗಿಂತ ಹೆಚ್ಚು ಅವಕಾಶ ಇರುತ್ತದೆ.

ಪ್ರಶ್ನೆ: ಮೊಬೈಲ್‌ನ ಪ್ರೊ ಮೋಡ್‌ನಲ್ಲಿ ಅಪರ್ಚರ್ ಯಾಕೆ ಬದಲಾಗುವುದಿಲ್ಲ?
– ಓದುಗರು, ಹುಮನಾಬಾದ್

ಉತ್ತರ: ಬಹುಪಾಲು ಫೋನ್‌ಗಳಲ್ಲಿ ಕಿಂಡಿ ಒಂದೇ ಅಳತೆಯದು, ಬದಲಿಸಲು ಭಾಗವೇ ಇಲ್ಲ. ನಿಮ್ಮ ಕೈಯಲ್ಲಿರುವುದು ಶಟರ್, ಐಎಸ್‌ಒ ಎರಡೇ. ಪ್ರೊ ಮೋಡ್ ಇಲ್ಲದೆಯೂ ಕೆಲಸ ನಡೆಯುತ್ತದೆ: ಪರದೆಯ ಮೇಲೆ ಬೇಕಾದ ಜಾಗ ಒತ್ತಿ ಹಿಡಿದರೆ ಹೆಚ್ಚಿನ ಫೋನ್‌ಗಳಲ್ಲಿ ಫೋಕಸ್, ಬೆಳಕು ಎರಡೂ ಲಾಕ್ ಆಗುತ್ತವೆ, ಆಮೇಲೆ ಸೂರ್ಯನ ಗುರುತನ್ನು ಬೆರಳಿನಿಂದ ಕೆಳಗೆ ಎಳೆಯಿರಿ. ಡಿಎಸ್‌ಎಲ್‌ಆರ್‌ನ ಮೈನಸ್ ಬಟನ್ ಮಾಡುವುದೂ ಇದನ್ನೇ.