ಸಾಫ್ಟ್‌ವೇರ್ ಡಿಸೈನ್ ಕಲಿಸೋಕೆ ರೋಲ್ ಪ್ಲೇ ಮಾಡಿಸಿದರೆ ವಿದ್ಯಾರ್ಥಿಗಳಿಗೆ ಮಕ್ಕಳಾಟ ಅನ್ನಿಸಲ್ವಾ? ಯುಎಂಎಲ್ ಚಿತ್ರಗಳೇ (ಸಾಫ್ಟ್‌ವೇರಿನ ರಚನೆ ತೋರಿಸುವ ನಕ್ಷೆಗಳು) ವಾಸಿನಾ?

ಇದೇ ಭಯ ನನಗೂ ಇತ್ತು. ಆದರೆ ಹುಡುಗರು ಖುಷಿಯಾಗಿಯೇ ಆಡಿದರು, ಕೆಡಿಸಿದ್ದು ನಾನು.

ತೆಗೆದುಕೊಂಡಿದ್ದು ಲೈಬ್ರರಿ ಸಿಸ್ಟಮ್. ಒಬ್ಬ ಪುಸ್ತಕ, ಒಬ್ಬ ಸದಸ್ಯ, ಒಬ್ಬಳು ಎರವಲಿನ ದಾಖಲೆ. ಎಲ್ಲರ ಕೈಯಲ್ಲೂ ಒಂದೊಂದು ಸಿಆರ್‌ಸಿ ಕಾರ್ಡ್: ಮೇಲೆ ಕ್ಲಾಸಿನ (ಅಂದರೆ ಪ್ರೋಗ್ರಾಮಿನ ಆ ಭಾಗದ) ಹೆಸರು, ಎಡಕ್ಕೆ ಅದರ ಜವಾಬ್ದಾರಿ, ಬಲಕ್ಕೆ ಯಾರ ಸಹಾಯ ಬೇಕು ಅನ್ನೋದು. (ಸಾಫ್ಟ್‌ವೇರ್ ಪರಿಣತರಾದ ಕೆಂಟ್ ಬೆಕ್, ವಾರ್ಡ್ ಕನಿಂಗ್‌ಹ್ಯಾಮ್ 1989ರಲ್ಲಿ ಇದರ ಬಗ್ಗೆ ಬರೆದಿದ್ದೇ ಕಲಿಸುವ ಸಲುವಾಗಿ.) ಜೊತೆಗೆ ಒಂದು ಚೆಂಡು. ಅದು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು.

ಅಷ್ಟಕ್ಕೇ ಬಿಡಬೇಕಿತ್ತು. ಗೊಂದಲ ಆದೀತು ಅಂತ ಹೆದರಿ 'ಲೈಬ್ರರಿ ಮ್ಯಾನೇಜರ್' ಅಂತ ಇನ್ನೊಂದು ಪಾತ್ರ ಸೇರಿಸಿ, ಅದನ್ನು ತರಗತಿಯಲ್ಲೇ ಜಾಸ್ತಿ ಚುರುಕಾಗಿದ್ದ ಹುಡುಗನಿಗೆ ಕೊಟ್ಟೆ. ಅವನು 'ನಿನ್ನ ತಾರೀಖು ಹೇಳು', 'ನಿನ್ನ ಹತ್ತಿರ ಎಷ್ಟು ಪುಸ್ತಕ ಇದೆ' ಅಂತ ಒಬ್ಬೊಬ್ಬರನ್ನೇ ಕೇಳಿ, ದಂಡವನ್ನು ತಾನೇ ಲೆಕ್ಕ ಹಾಕಿ, ಪ್ರತಿ ಸಲ ಚೆಂಡು ವಾಪಸ್ ಇಸ್ಕೊಳ್ಳುತ್ತಿದ್ದ. ಆಟ ಸರಾಗವಾಗಿ ಮುಗಿಯಿತು. ನಾನು ಚಪ್ಪಾಳೆ ಬೇರೆ ತಟ್ಟಿದೆ!

ತಪ್ಪು ಅವನದ್ದಲ್ಲ. ಮ್ಯಾನೇಜರ್ ಅಂತ ಹೆಸರು ಕೊಟ್ಟ ಮೇಲೆ ಅವನು ಇನ್ನೇನು ಮಾಡಿಯಾನು? ಎರವಲಿನ ದಾಖಲೆಯಾಗಿದ್ದ ಹುಡುಗಿಯ ಕಾರ್ಡಲ್ಲಿ ವಾಪಸ್ ಕೊಡಬೇಕಾದ ತಾರೀಖು ಇತ್ತು. ತಡವಾಗಿದೆಯೋ ಇಲ್ಲವೋ ಅಂತ ಹೇಳಬೇಕಾದವಳು ಅವಳೇ ಅಲ್ವಾ? ಅವಳಿಗೆ ಆ ಅವಕಾಶವೇ ಸಿಗಲಿಲ್ಲ, ಸುಮ್ನೆ ತಾರೀಖು ಓದಿ ಕೂತಳು. ಮುಂದಿನ ವಾರ ಬಂದ ಕೋಡ್ ನೋಡಿದರೆ ಎಲ್ಲರದ್ದೂ ಅದೇ ಕಥೆ: ನಡುವೆ ಒಂದು ದೈತ್ಯ ಮ್ಯಾನೇಜರ್ ಕ್ಲಾಸ್, ಸುತ್ತ ಬರೀ ಗೆಟರ್ ಸೆಟರ್ (ಮಾಹಿತಿ ಕೊಡೋದು, ಬದಲಿಸೋದು ಅಷ್ಟೇ ಮಾಡುವ ಕೋಡ್) ತುಂಬಿದ ಪುಟಾಣಿ ಕ್ಲಾಸುಗಳು. 'ಗಾಡ್ ಆಬ್ಜೆಕ್ಟ್ (ಎಲ್ಲ ಕೆಲಸವನ್ನೂ ತಾನೇ ಮಾಡುವ ಕ್ಲಾಸ್) ಮಾಡಬೇಡಿ' ಅಂತ ಪಾಠ ಮಾಡುವ ನಾನೇ ಅದಕ್ಕೆ ಪಾತ್ರ ಹಂಚಿದ್ದೆ. ಆ ಚಾಳಿ ಬಿಡಿಸೋಕೆ ಸೆಮಿಸ್ಟರ್ ಪೂರ್ತಿ ಹೆಣಗಿದೆ.

ಇನ್ನು ರೋಲ್ ಪ್ಲೇನಾ ಯುಎಂಎಲ್ಲಾ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಚೆಂಡು ಹೋದ ದಾರಿಯನ್ನು ಬೋರ್ಡ್ ಮೇಲೆ ಬರೆದರೆ ಅದೇ ಯುಎಂಎಲ್‌ನ ಸೀಕ್ವೆನ್ಸ್ ಡಯಾಗ್ರಾಮ್, ಅಂದರೆ ಯಾರು ಯಾರಿಗೆ ಯಾವ ಕ್ರಮದಲ್ಲಿ ಕೆಲಸ ಹೇಳಿದರು ಅನ್ನೋ ಚಿತ್ರ. ಚಿತ್ರ ಮೊದಲೇ ಕೊಟ್ಟರೆ ಅವರು ಯೋಚನೆ ಮಾಡಲ್ಲ, ಗಿಣಿಪಾಠ ಒಪ್ಪಿಸುತ್ತಾರೆ. ಮ್ಯಾನೇಜರ್, ಹ್ಯಾಂಡ್ಲರ್ ಅಂತ ಯಾರಾದರೂ ಕಾರ್ಡ್ ಬರೆದರೆ ಮುಲಾಜಿಲ್ಲದೆ ಹರಿದು ಹಾಕಿ. ಇನ್ನೊಬ್ಬರ ಕಾರ್ಡ್ ಇಣುಕಿ ನೋಡೋಕೂ ಬಿಡಬೇಡಿ. ಮಾಹಿತಿ ಕೇಳುವ ಬದಲು ಕೆಲಸ ಹೇಳಲಿ.

ಚುರುಕು ಹುಡುಗರಿಗೆ ಈಗ ನಾನು ಪುಸ್ತಕದ ಪಾತ್ರ ಕೊಡುತ್ತೇನೆ. ಪಾಪ, ಚೆಂಡು ಬರುವವರೆಗೆ ಬಾಯಿ ಮುಚ್ಚಿಕೊಂಡು ಕೂರೋಕೆ ಒದ್ದಾಡುತ್ತಾರೆ.