ತೋಟದ ಲೈನಿನ ಮಕ್ಕಳಿಗೆ ಈಜು ಕಲಿಸುವುದು ಎಲ್ಲಿಂದ ಶುರು?

ಚಿಕ್ಕಮಗಳೂರು ಸುತ್ತಲಿನ ಕಾಫಿ ತೋಟದ ಲೈನ್ ಮನೆಗಳಿಂದ (ಕಾರ್ಮಿಕರ ಸಾಲು ಮನೆಗಳು), ಹಾಸ್ಟೆಲಿನಿಂದ ಬರುವ 12 ಮಕ್ಕಳಿಗೆ ಈಜು ಕಲಿಸಬೇಕು, ನನಗೆ ಈಜು ಬರುತ್ತದೆ, ಕಲಿಸಿ ಗೊತ್ತಿಲ್ಲ ಎಂದು ಕೇಳಿದ್ದೀರಿ. ನೀರೊಳಗೆ ಉಸಿರು ಬಿಡುವುದರಿಂದ ಶುರು ಮಾಡಿ. ಕೈ ಬೀಸುವುದೆಲ್ಲ ಆಮೇಲೆ.

ಮೊದಲ ಗುರಿ: ಆಳಕ್ಕೆ ಬಿದ್ದ ಮಗು ಅಂಗಾತ ತಿರುಗಿ, 2 ನಿಮಿಷ ತೇಲಿ, ಅಂಚು ಹಿಡಿಯಬೇಕು. ಯಾಕೆಂದರೆ ಈ ಮಕ್ಕಳ ಮನೆ ಹಿಂದೆಯೇ ನೀರಿರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಲೆಂದು ತುಂಬಿಸಿಟ್ಟ ತೋಟದ ಕೆರೆ, ಕಡೂರು-ಅರಸೀಕೆರೆ ಕಡೆಯಾದರೆ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡ. ಹಾಳೆ ಪಾಚಿ ಕಟ್ಟಿದ ಮೇಲೆ ಈಜು ಬಲ್ಲವರಿಗೂ ಅದರಿಂದ ಹತ್ತಿ ಬರಲು ಆಗುವುದಿಲ್ಲ. ಗಂಟು ಹಾಕಿದ ಹಗ್ಗವೊಂದನ್ನು ಮರಕ್ಕೋ ಗೂಟಕ್ಕೋ ಕಟ್ಟಿ ಹೊಂಡದೊಳಗೆ ಇಳಿಬಿಡುವಂತೆ ತೋಟದವರಿಗೆ, ರೈತರಿಗೆ ಹೇಳಿ. ನಾನಾದರೆ ತರಗತಿ ಶುರುವಾಗುವ ಮೊದಲೇ ಇದನ್ನು ಮಾಡಿಸುತ್ತೇನೆ.

ಕಲಿಸುವುದು ಮಾತ್ರ ಈಜುಕೊಳದಲ್ಲೇ ಆಗಲಿ. ಹೇಮಾವತಿ, ಯಗಚಿ ಹಿನ್ನೀರಿನಲ್ಲಿ ಕೆಸರಿನ ತಳ ಎಲ್ಲಿ ಒಮ್ಮೆಲೇ ಇಳಿಯುತ್ತದೆಂದು ದಡದಲ್ಲಿ ನಿಂತವರಿಗೆ ಕಾಣುವುದಿಲ್ಲ. ಕೊಳದಲ್ಲೂ ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಅಷ್ಟು ಪಾಲು), ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.2ರಿಂದ 7.8 ಇದೆಯೇ ಎಂದು ಕೇಳಿ. ಆಳದ ಕಡೆ ತಳದ ಜಾಲರಿ ಸ್ಪಷ್ಟವಾಗಿ ಕಾಣದಿದ್ದರೆ ಆ ದಿನ ಯಾರನ್ನೂ ಇಳಿಸಬೇಡಿ. 12 ಮಕ್ಕಳನ್ನು ಒಟ್ಟಿಗೆ ಇಳಿಸುವುದೂ ಬೇಡ. ಆರಾರು ಮಕ್ಕಳ ಎರಡು ತಂಡ ಮಾಡಿ. ನೀರಲ್ಲಿ ನೀವಿರುವಾಗ ಇನ್ನೊಬ್ಬರು ಅಂಚಿನಲ್ಲಿ ನಿಂತು ತಲೆ ಎಣಿಸುತ್ತಿರಬೇಕು, ಅವರ ಕೈಯಲ್ಲಿ ಮೊಬೈಲ್ ಇರಬಾರದು. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದಾಗ ಕೂಗಲು ಉಸಿರೇ ಇರುವುದಿಲ್ಲ.

ಈಗ ಉಸಿರಿನ ವಿಷಯ. ಹೊಸಬರು ಮುಖ ಮುಳುಗಿಸಿದ ಕೂಡಲೇ ಉಸಿರು ಬಿಗಿಹಿಡಿಯುತ್ತಾರೆ. ಮುಖ ಎತ್ತಿದಾಗ ಅರೆಕ್ಷಣದಲ್ಲಿ ಬಿಡುವುದೂ ಎಳೆದುಕೊಳ್ಳುವುದೂ ಎರಡೂ ಆಗಬೇಕು, ಆಗುವುದಿಲ್ಲ. ಗಾಬರಿಯಲ್ಲಿ ತಲೆ ಇನ್ನೂ ಮೇಲೆತ್ತುತ್ತಾರೆ, ತಲೆ ಎದ್ದಷ್ಟೂ ಕಾಲು ಇಳಿಯುತ್ತದೆ. ಅದಕ್ಕೇ ಎದೆಮಟ್ಟದ ನೀರಲ್ಲಿ ಅಂಚು ಹಿಡಿಸಿ, ಮೂಗು-ಬಾಯಿ ಎರಡರಿಂದಲೂ ಗುಳ್ಳೆ ಬಿಡುತ್ತಾ ಮನಸ್ಸಿನಲ್ಲೇ ಐದರವರೆಗೆ ಎಣಿಸಲು ಹೇಳಿ. ಮೇಲೆ ಬಂದು ಬಾಯಿಂದ ಒಂದು ಉಸಿರು ಎಳೆದು ಮತ್ತೆ ಒಳಗೆ. ಇದನ್ನು ನಿಲ್ಲಿಸದೆ 20 ಸಲ ಮಾಡಬಲ್ಲ ಮಗುವಿಗೆ ಮಾತ್ರ ಬೋರಲು ತೇಲುವುದು, ಆಮೇಲೆ ಅಂಗಾತ. ಅಂಗಾತ ತೇಲುವಾಗ ಕಿವಿ ನೀರಲ್ಲಿ ಮುಳುಗಿರಬೇಕು, ಹೊಟ್ಟೆ ಮೇಲಕ್ಕೆ, ಕಣ್ಣು ನೇರ ಆಕಾಶಕ್ಕೆ. ಕಾಲು ನೋಡಿಕೊಳ್ಳಲು ಗಲ್ಲ ಎದೆಗೆ ತಂದರೆ ಸೊಂಟ ಮಡಚಿ ಮುಳುಗುತ್ತದೆ. ಎಷ್ಟು ಹೇಳಿದರೂ ಮಕ್ಕಳು ಇದೇ ತಪ್ಪು ಮಾಡುತ್ತಾರೆ, ಬೇಸರ ಬೇಡ. ತಲೆಯ ಹಿಂದೆ, ಭುಜದ ಕೆಳಗೆ ಮಾತ್ರ ಆಸರೆ ಕೊಡಿ, ಮುಟ್ಟುವ ಮೊದಲು ಹೇಳಿ. ಮಗುವಿನ ಜೊತೆ ನೀವೊಬ್ಬರೇ ಇರುವ ಸಂದರ್ಭ ಬರದಂತೆ ನೋಡಿಕೊಳ್ಳಿ. ಹುಡುಗಿಯರಿದ್ದರೆ ಒಬ್ಬ ಮಹಿಳೆ ಇರಲೇಬೇಕು.

ಊರಲ್ಲಿ ಬೆನ್ನಿಗೆ ಬೆಂಡು ಕಟ್ಟಿ ಬಿಡುವ ಪದ್ಧತಿಯಿದೆ. ಬೆಂಡು ಇರುವಷ್ಟು ದಿನ ಮಗು ತನ್ನ ಮೈ ತಾನೇ ತೇಲುತ್ತದೆಂದು ನಂಬುವುದೇ ಇಲ್ಲ, ಹಾಗಾಗಿ ನನಗೆ ಅದು ಒಪ್ಪಿಗೆಯಿಲ್ಲ. ಇನ್ನೊಂದನ್ನು ಕಟ್ಟುನಿಟ್ಟಾಗಿ ನಿಲ್ಲಿಸಿ: ಜೋರಾಗಿ ಉಸಿರಾಡಿ ಮುಳುಗಿ ಯಾರು ಹೆಚ್ಚು ಹೊತ್ತು ಇರುತ್ತಾರೆ ಎಂಬ ಪಂದ್ಯ. ಉಸಿರು ಬೇಕೆನಿಸುವುದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಏರುವುದರಿಂದ. ಜೋರುಸಿರಿನಿಂದ ಅದು ಮೊದಲೇ ಇಳಿದಿದ್ದರೆ ಎಚ್ಚರಿಕೆಯೇ ಸಿಗದೆ ಮಗು ತಳದಲ್ಲಿ ಪ್ರಜ್ಞೆ ತಪ್ಪುತ್ತದೆ.

ಕಿಕ್ ಹೇಳಿಕೊಡುವಾಗ ತೊಡೆಯಿಂದ ಬರಲಿ. ಮಂಡಿ ಮಡಚಿ ಸೈಕಲ್ ತುಳಿದಂತೆ ಮಾಡಿದರೆ ನೊರೆ ಬರುತ್ತದೆ, ಮಗು ಮುಂದೆ ಹೋಗುವುದಿಲ್ಲ.

ಮಕ್ಕಳು ಬಿಟ್ಟುಹೋಗುವುದಕ್ಕೆ ನೀರಿನ ಭಯಕ್ಕಿಂತ ಬಸ್ಸು ಮತ್ತು ಹೊಟ್ಟೆ ದೊಡ್ಡ ಕಾರಣ. ತೋಟಕ್ಕೆ ಹೋಗುವ ಬಸ್ಸಿನ ಹೊತ್ತು ನೋಡಿಕೊಂಡು ತರಗತಿ ಇಡಿ. ಬರುವ ಒಂದು ಗಂಟೆ ಮುಂಚೆ ಬಾಳೆಹಣ್ಣು, ಮುಗಿದ ಮೇಲೆ ಶೇಂಗಾ ಚಿಕ್ಕಿಯೋ ಬೇಯಿಸಿದ ಮೊಟ್ಟೆಯೋ ಸಿಗಲಿ. ಡಿಸೆಂಬರ್-ಜನವರಿಯ ಬೆಳಗ್ಗೆ ತೆಳ್ಳನೆ ಮಕ್ಕಳು ಬೇಗ ನಡುಗುತ್ತಾರೆ. ತುಟಿ ನೀಲಿಯಾದರೆ ತಕ್ಷಣ ಹೊರಗೆ, ಟವೆಲ್, ಬಿಸಿ ಹಾಲು. ಮಾರ್ಚ್‌ನಿಂದ ಮೇವರೆಗೆ ಶುರು ಮಾಡಿದರೆ ಒಳ್ಳೆಯದು. ದುಬಾರಿ ಸೂಟು ಬೇಡ, ಮೈಗಂಟುವ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ಸಾಕು, ಪೂರ್ತಿ ತೋಳಿನದಾದರೂ ಸರಿ. ಹತ್ತಿ ಬಟ್ಟೆ ನೀರು ಕುಡಿದು ಎಳೆಯುತ್ತದೆ. ಮೂರ್ಛೆ ರೋಗ, ಕಿವಿ ಸೋರುವುದು ಇದೆಯೇ ಎಂದು ಮನೆಯವರನ್ನು ಮೊದಲೇ ಕೇಳಿ, ಇದ್ದರೆ ವೈದ್ಯರ ಒಪ್ಪಿಗೆ ಬೇಕು.

ಪ್ರತಿ ವಾರ ಹತ್ತು ನಿಮಿಷ ರಕ್ಷಣೆಯ ಅಭ್ಯಾಸ ಇರಲಿ. ಗೆಳೆಯ ಮುಳುಗುತ್ತಿದ್ದರೆ ಹಾರಬಾರದು. ದೊಡ್ಡವರನ್ನು ಕೂಗಿ, ಮಲಗಿಕೊಂಡು ಕೋಲು ಚಾಚಬೇಕು, ಇಲ್ಲವೇ ಮುಚ್ಚಳ ಬಿಗಿದ 5 ಲೀಟರ್ ಖಾಲಿ ಕ್ಯಾನನ್ನು ಹಗ್ಗ ಕಟ್ಟಿ ಎಸೆಯಬೇಕು. ಅಂಥ ಕ್ಯಾನ್ ಸುಮಾರು 5 ಕೆಜಿ ಭಾರ ಎತ್ತಿ ಹಿಡಿಯುತ್ತದೆ, ಬಾಯಿ ನೀರಿನ ಮೇಲಿಡಲು ಅಷ್ಟು ಸಾಕು. ನೀವಂತೂ ಸಿಪಿಆರ್ (ಉಸಿರು, ಎದೆಬಡಿತ ನಿಂತವರಿಗೆ ಮಾಡುವ ತುರ್ತು ಚಿಕಿತ್ಸೆ) ಕಲಿತೇ ಕೊಳಕ್ಕಿಳಿಯಿರಿ. ನೀರಿನಿಂದ ತೆಗೆದವರಿಗೆ ಬಾಯಿಂದ ಉಸಿರು ಕೊಡುವುದೇ ಮೊದಲು, ಎದೆ ಒತ್ತುವುದು ಅದರ ಹಿಂದೆಯೇ. ಹೊಟ್ಟೆ ಅಮುಕಿ ನೀರು ತೆಗೆಯಲು ಹೋಗಬೇಡಿ.

ಒಂದಿಬ್ಬರು ನಿಜಕ್ಕೂ ವೇಗವಾಗಿದ್ದರೆ ಸ್ಪರ್ಧೆಗೆ ಸೇರಿಸಬೇಕೆನಿಸುತ್ತದೆ. ವಿಭಾಗಗಳು ವಯಸ್ಸಿನ ಮೇಲಿರುತ್ತವೆ, ವಲಸೆ ಬಂದ ಕುಟುಂಬಗಳಲ್ಲಿ ಎಷ್ಟೋ ಸಲ ಜನನ ಪ್ರಮಾಣಪತ್ರವೇ ಇರುವುದಿಲ್ಲ. ಅದನ್ನು ಮಾಡಿಸುವ ಓಡಾಟವನ್ನು ಈಗಲೇ, ಶಾಲೆಯ ಮುಖ್ಯೋಪಾಧ್ಯಾಯರ ಜೊತೆ ಕೂತು ಶುರು ಮಾಡಿ.