ಧಾರಾವಿಯ ಸಾರ್ವಜನಿಕ ಶೌಚಾಲಯದಲ್ಲಿ ಹೆಂಗಸರಿಗೆ ಸೀಟು ಸಾಲುತ್ತಿಲ್ಲ. ನಮ್ಮ ಕನ್ನಡ ಮಹಿಳಾ ಮಂಡಳಿ ಪಾಲಿಕೆಗೆ ಏನು ಬರೆದುಕೊಡಬೇಕು?

ಬರೀ ಮನವಿ ಬೇಡ, ಲೆಕ್ಕ ಕೊಡಿ. ‘ಹೆಂಗಸರಿಗೆ ತೊಂದರೆ’ ಎಂದಷ್ಟೇ ಬರೆದರೆ ಅರ್ಜಿ ಫೈಲಿನೊಳಗೇ ಉಳಿಯುತ್ತದೆ. ಸ್ವಚ್ಛ ಭಾರತದ ಮಾನದಂಡದಂತೆ ಸಮುದಾಯ ಶೌಚಾಲಯದಲ್ಲಿ 35 ಗಂಡಸರಿಗೊಂದು, 25 ಹೆಂಗಸರಿಗೊಂದು ಸೀಟು ಬೇಕು. ಅಂದರೆ 200 ಹೆಂಗಸರಿಗೆ 8. ಎರಡೂ ಕಡೆ ಸೀಟುಗಳು ಅಷ್ಟಷ್ಟೇ ಇದ್ದರೆ ನ್ಯಾಯವಾಯಿತು ಎಂದುಕೊಳ್ಳಬೇಡಿ. ಗಂಡಸರಿಗೆ ಮೂತ್ರಿಗಳು ಬೇರೆ ಇರುತ್ತವೆ, ಪುಟ್ಟ ಮಕ್ಕಳು ಬರುವುದು ತಾಯಂದಿರ ಜೊತೆಗೇ.

ಬೆಳಿಗ್ಗೆ 6ರಿಂದ 8ರವರೆಗೆ ನಿಂತು ಸರದಿ ಎಣಿಸಿ. ರಾತ್ರಿ 10ರ ಮೇಲೆ ಇನ್ನೊಮ್ಮೆ ಹೋಗಿ, ಹೆಂಗಸರ ಕಡೆಗೆ ಬೀಗ ಬಿದ್ದಿದೆಯೇ ನೋಡಿ. ಸೀಟು ಸೀಟಿಗೂ ಚಿಲಕ, ಬಲ್ಬು, ನಲ್ಲಿ, ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಇದೆಯೇ ಎಂದು ಬರೆದಿಡಿ. ಚಿಲಕ ಕಿತ್ತ ಬಾಗಿಲನ್ನು ಹೊರಗೆ ಒಬ್ಬರು ಹಿಡಿದು ನಿಲ್ಲಬೇಕು. ಅಂಥದ್ದನ್ನು ಬಳಕೆಯ ಸೀಟು ಎಂದು ಎಣಿಸಲೇಬೇಡಿ.

ಮೂತ್ರಕ್ಕೆ ಹೆಂಗಸರಿಂದ ಮಾತ್ರ ದುಡ್ಡು ಕೇಳುತ್ತಾರೆಯೇ? ಅದನ್ನೂ ಸೇರಿಸಿ. 2011ರಲ್ಲಿ ಮುಂಬೈಯಲ್ಲಿ ‘ರೈಟ್ ಟು ಪೀ’ (ಮೂತ್ರ ವಿಸರ್ಜನೆಯ ಹಕ್ಕು) ಚಳವಳಿ ಎದ್ದದ್ದು ಇಂಥ ಅನ್ಯಾಯದ ವಿರುದ್ಧವೇ.

ಅರ್ಜಿ ಮರಾಠಿಯಲ್ಲಿರಲಿ, ವಾರ್ಡ್ ಕಚೇರಿಯ ಸಹಾಯಕ ಆಯುಕ್ತರ ಹೆಸರಿಗೆ. ನಿಮ್ಮ ಪ್ರತಿಯ ಮೇಲೆ ಮೊಹರು, ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಬರಬೇಡಿ. ಉತ್ತರ ಬಾರದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದೊಳಗೆ ಹೇಳಲೇಬೇಕು. ಹೊಸ ಸೀಟು ಬೇಕಿದ್ದರೆ ದೀಪಾವಳಿಯೊಳಗೇ ಕೊಡಿ. ಪಾಲಿಕೆಯ ಬಜೆಟ್ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಮಂಡನೆಯಾಗುತ್ತದೆ.